ಬಿಸಿ ಕಾಣದ ಟರ್ಬೊ

ಬಾನೆಟ್ಟು ಕೈಗೆ ಏಳಲಿಲ್ಲ. ನವಿ ಮುಂಬಯಿಯ ತುರ್ಭೆಯಲ್ಲಿ ಪೊಲೀಸರು ಗಾಡಿ ಎಳೆತಂದು ಇಡುವ ಟೋಯಿಂಗ್ ಯಾರ್ಡಿನ ಕಾವಲುಗಾರ ಸಲಾಕೆ ತಂದು ಎರಡು ಕಡೆ ಮೀಟಿದ. ಮುದುಡಿದ ತಗಡು ಕಿರುಗುಟ್ಟಿ ಬಾಯಿ ಬಿಟ್ಟಿತು. ಒಳಗಿನಿಂದ ವಾಸನೆ ಎದ್ದಿತು. ಸುಟ್ಟ ಎಣ್ಣೆಯದು ಒಂದು, ಕೂಲಂಟಿನದು ಇನ್ನೊಂದು. ಇವೆರಡರ ಕೆಳಗೆ ಮಧ್ಯಾಹ್ನದ ಮೀನು ಮಾರುಕಟ್ಟೆಯಂಥ ಮೂರನೆಯದೊಂದು ಇತ್ತು. ಕಾವಲುಗಾರ ಪಕ್ಕಕ್ಕೆ ಹೋಗಿ ಗುಟ್ಕಾ ಉಗಿದು ಬಂದು, ತೊಳೆಯಿರಿ ಎಂದು ತನಗೆ ಯಾರೂ ಹೇಳಿಲ್ಲ ಎಂದ.

ಜಯಲತಾ ಕರ್ಕೇರ ಟಾರ್ಚು ಹಚ್ಚಿದಳು. ಅಪಘಾತವಾದ ಗಾಡಿಗಳನ್ನು ಪರೀಕ್ಷಿಸಿ ವಿಮಾ ಕಂಪನಿಗಳಿಗೆ ವರದಿ ಬರೆಯುವ ಸರ್ವೆಯರ್ ಅವಳು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದಾಗಿನಿಂದ ಇದೇ ಕೆಲಸ.

ರೇಡಿಯೇಟರಿನ ಮುಂದಿನ ಜಾಲರಿಯಲ್ಲಿ ಕೇಸರಿ ಬಟ್ಟೆಯ ಚೂರೊಂದು ಸಿಕ್ಕಿಕೊಂಡಿತ್ತು. ರಸ್ತೆ ಕೆಲಸದವರು ತೊಡುವ ಜಾಕೀಟಿನದು. ಅದರ ಅಂಚಿಗೆ ಉದ್ದ ಕೂದಲು ಅಂಟಿತ್ತು. ಪಂಚನಾಮೆ ಬರೆದವರಿಗೆ ಅದು ಕಂಡಿರಲಿಲ್ಲ, ಅಥವಾ ಕಂಡರೂ ಬಗ್ಗಿ ತೆಗೆಯಲು ಬೇಸರವಾಗಿತ್ತು.

ಪಾಮ್ ಬೀಚ್ ರಸ್ತೆಯ ಡಿವೈಡರಿನಲ್ಲಿ ಬೆಳಗಿನ ಹೊತ್ತು ಗಿಡಗಳಿಗೆ ನೀರು ಬಿಡುತ್ತಿದ್ದ ಚಂದ್ರಬಾಯಿ ಎಂಬ ಕಲಬುರಗಿಯ ಹೆಂಗಸನ್ನು ಈ ಗಾಡಿ ಕೊಂದಿತ್ತು. ಓಡಿಸುತ್ತಿದ್ದವನು ಠಾಣೆ ನಗರದ ಹೋಟೆಲ್ ಮಾಲಕ ವಸಂತಕುಮಾರರ ಮಗ ರಂಜನ್. ಲಾಕಪ್ಪಿನಲ್ಲಿದ್ದವನು ಭೀಮು, ಡೊಂಬಿವಲಿಯ ಗ್ಯಾರೇಜಿನ ಫಿಟ್ಟರ್.

ಕಾರಣವೆಂದು ಎಲ್ಲರೂ ತೋರಿಸುತ್ತಿದ್ದ ವಸ್ತು ಈಗ ಅವಳ ಟಾರ್ಚಿನ ಬೆಳಕಿನಲ್ಲಿತ್ತು. ಎಂಜಿನ್ನಿನ ಪಕ್ಕಕ್ಕೆ ಕಟ್ಟಿದ, ಬಸವನಹುಳುವಿನ ಚಿಪ್ಪಿನಂಥ ಕಬ್ಬಿಣದ ಟರ್ಬೊ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದ ಅದರ ಚಕ್ರ ತಿರುಗುತ್ತದೆ. ತಿರುಗಿ ಎಂಜಿನ್ನಿಗೇ ಹೆಚ್ಚು ಗಾಳಿ ತುರುಕುತ್ತದೆ. ಸಣ್ಣ ಟರ್ಬೊ ಕಾಲಿಟ್ಟ ಕೂಡಲೇ ಎಚ್ಚರಾಗುತ್ತದೆ. ದೊಡ್ಡದು ಹಾಗಲ್ಲ. ಪೆಡಲ್ ಒತ್ತಿದರೂ ಸುಮ್ಮನೆ ಮಲಗಿರುತ್ತದೆ, ಎಂಜಿನ್ ಕಿರುಚುವ ಹೊತ್ತಿಗೆ ಒಮ್ಮೆಲೇ ಎದ್ದು ಒದೆಯುತ್ತದೆ. ಆ ಒದೆತ ತಿರುವಿನಲ್ಲಿ ಬಿದ್ದರೆ ಹಿಂದಿನ ಚಕ್ರ ರಸ್ತೆ ಬಿಡುತ್ತದೆ.

ಇದು ದೊಡ್ಡದು. ಎರಡು ಲೀಟರ್ ಎಂಜಿನ್ನಿಗೆ ಯಾವ ರೀತಿಯಲ್ಲೂ ಹೊಂದದಷ್ಟು ದೊಡ್ಡದು.

ರಂಜನಿನ ಹೇಳಿಕೆಯೂ ಅದನ್ನೇ ಹೇಳುತ್ತಿತ್ತು. ಸರ್ವಿಸಿಗೆ ಬಿಟ್ಟ ಗಾಡಿಗೆ ಫಿಟ್ಟರ್ ಬೇರೆ ಗಿರಾಕಿಯ ಟರ್ಬೊವನ್ನು ಕೇಳದೆ ಕೂರಿಸಿದ. ತಾನು ಗೊತ್ತಿಲ್ಲದೆ ಓಡಿಸಿದೆ. ತಿರುವಿನಲ್ಲಿ ಗಾಡಿ ತನ್ನ ಕೈಲಿರಲಿಲ್ಲ. ಸಾರಿಗೆ ಇಲಾಖೆಯ ತಪಾಸಣೆಯವರು ಬಾನೆಟ್ ತೆಗೆಸಿ ನೋಡಿ ಹೌದು ಎಂದರು. ಅದೇ ಸಂಜೆ ಭೀಮುವನ್ನು ಹಿಡಿದರು.

ಜಯಲತಾ ಮೊಣಕೈ ತುರುಕಿ ಟಾರ್ಚನ್ನು ಇನ್ನೂ ಒಳಗೆ ಹಿಡಿದಳು.

ಹೊಗೆ ತರುವ ಮ್ಯಾನಿಫೋಲ್ಡ್ ಕಬ್ಬಿಣ ಕಾದು ಕಾದು ಕಂದಿತ್ತು, ಅಂಚಿನಲ್ಲಿ ನೀಲಿ ತಿರುಗಿತ್ತು. ಅದಕ್ಕೇ ಬೋಲ್ಟ್ ಹಾಕಿ ಕಟ್ಟಿದ ಟರ್ಬೊದ ಚಿಪ್ಪು ಮಾತ್ರ ಅಂಗಡಿಯ ಬೂದುಬಣ್ಣದಲ್ಲೇ ಇತ್ತು. ತುದಿಬೆರಳನ್ನು ಹೊಗೆ ಹೊರಡುವ ಬಾಯಿಯೊಳಗೆ ಹಾಕಿ ತಿರುಗಿಸಿದಳು. ಮಸಿ ಇಲ್ಲ. ಬೆರಳು ಹೋದಷ್ಟೇ ಶುದ್ಧವಾಗಿ ಹೊರಬಂತು.

ಚಿಪ್ಪಿನ ಮೇಲುಗಡೆ ಹಳದಿ ಮಿಶ್ರಿತ ಬಿಳಿಯ ಬೊಟ್ಟೊಂದಿತ್ತು. ನಡುವೆ ಕುಂಕುಮ. ಒಣಗಿ ಸಣ್ಣಗೆ ಬಿರುಕು ಬಿಟ್ಟಿತ್ತು. ಅವಳು ಮುಖ ಹತ್ತಿರ ತಂದು ಮೂಸಿದಳು. ಆ ಕೊಳೆತ ವಾಸನೆಯ ನಡುವೆ ಗಂಧ.

ಐದು ನಿಮಿಷ ಎಂಜಿನ್ ಓಡಿದರೆ ಈ ಚಿಪ್ಪಿನ ಮೇಲೆ ಚಪಾತಿ ಕರಕಲಾಗುತ್ತದೆ. ಜೋರಾಗಿ ಓಡಿಸಿದರೆ ಕಬ್ಬಿಣ ಕೆಂಪಗೆ ಹೊಳೆಯುತ್ತದೆ. ಗಂಧ ಉಳಿಯುವ ಮಾತೇ ಇಲ್ಲ.

ಈ ಟರ್ಬೊ ಒಂದು ದಿನವೂ ಓಡಿದ್ದಲ್ಲ. ಚಂದ್ರಬಾಯಿ ಸತ್ತ ಮೇಲೆ ಇದನ್ನು ಇಲ್ಲಿ ಕೂರಿಸಿದ್ದಾರೆ.

ಕಾವಲುಗಾರನನ್ನು ಕೇಳಿದಾಗ ಅವನು ಮೊದಲು ನೆನಪಿಲ್ಲ ಎಂದ. ಸಲಾಕೆಯನ್ನು ಗೋಡೆಗೆ ಒರಗಿಸಿ ಬಂದ ಮೇಲೆ ಸ್ವಲ್ಪ ನೆನಪಾಯಿತು. ಗಾಡಿ ಬಂದ ಮರುದಿನ ಗ್ಯಾರೇಜಿನವರು ಟೆಂಪೊದಲ್ಲಿ ಬಂದಿದ್ದರು, ಬ್ಯಾಟರಿ ಬಿಚ್ಚಬೇಕು ಎಂದಿದ್ದರು. ಬಿಚ್ಚಿದರೋ ಎಂದು ಕೇಳಿದಳು. ಅವನು ಗಾಡಿಯೊಳಗೆ ಇಣುಕಿ ನೋಡಿದ. ಬ್ಯಾಟರಿ ಅಲ್ಲೇ ಇತ್ತು.

ಫೋಟೊ ತೆಗೆಯುತ್ತಿರುವಾಗಲೇ ವಿಮಾ ಕಂಪನಿಯ ಹಿತೇಶ್ ಫೋನ್ ಮಾಡಿದ. ಟರ್ಬೊ ಕಂಡಿತಲ್ಲ, ಅನಧಿಕೃತ ಮಾರ್ಪಾಡು ಎಂದು ಬರೆದು ಫೈಲು ಮುಚ್ಚಿ ಎಂದ. ಹಾಗೆ ಬರೆದರೆ ಕಂಪನಿ ಕೈ ತೊಳೆದುಕೊಳ್ಳಬಹುದು. ಅವಳು ಇನ್ನೂ ನೋಡುವುದಿದೆ ಎಂದಳು. ನೋಡುವುದಕ್ಕೆ ಏನಿದೆ ಮೇಡಂ, ಎಲ್ಲರಿಗೂ ಅನುಕೂಲವೇ ಆಯಿತಲ್ಲ ಎಂದು ಅವನು ನಕ್ಕ.

ಅದು ನಿಜವಾಗಿತ್ತು. ವಸಂತಕುಮಾರರಿಗೆ ಅನುಕೂಲ, ಪೊಲೀಸರಿಗೆ ಅನುಕೂಲ, ಕಂಪನಿಗೂ ಅನುಕೂಲ. ಒಬ್ಬ ಹೆಂಗಸನ್ನು ಕೊಂದ ಗಾಡಿಯ ಸುತ್ತ ಇಷ್ಟು ಜನ ಇಷ್ಟು ಆರಾಮಾಗಿ ಕೂತಿದ್ದನ್ನು ಅವಳು ಈ ಮೊದಲು ಕಂಡಿರಲಿಲ್ಲ.

*

ತುರ್ಭೆಯಿಂದ ಠಾಣೆ, ಠಾಣೆಯಲ್ಲಿ ರೈಲು ಬದಲಿಸಿ ಡೊಂಬಿವಲಿ. ಲೇಡೀಸ್ ಡಬ್ಬಿಯ ಬಾಗಿಲಲ್ಲಿ ನಿಂತಿದ್ದಾಗ ಅನಸೂಯಾಳ ಕರೆ ಬಂತು. ಭೀಮುವಿನ ಹೆಂಡತಿ. ಠಾಕುರ್ಲಿಯಲ್ಲಿ ಜಯಲತಾ ಇರುವ ಸೊಸೈಟಿಯ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಾಳೆ. ಗಂಡನನ್ನು ಹಿಡಿದುಕೊಂಡು ಹೋದ ದಿನ ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದವಳು, ಈ ಅಕ್ಕ ಗಾಡಿಗಳ ತನಿಖೆ ಮಾಡುತ್ತಾಳೆಂದು ಯಾರೋ ಹೇಳಿದ ಮೇಲೆ ಇವಳ ಬೆನ್ನು ಬಿಟ್ಟಿರಲಿಲ್ಲ.

"ನಾಳೆ ಬೇಲಾಪುರ ಕೋರ್ಟಿನಾಗ ತಾರೀಕೈತ್ರಿ ಅಕ್ಕಾರ. ವಕೀಲರು ನಾಳೆ ಬಿಡಸ್ತೀನಿ ಅಂದಾರ. ಮಾಲಕರs ಕಳಿಸ್ಯಾರ ಅವ್ರನ್ನ. ಇಂವ ಏನೂ ಮಾತಾಡಬಾರದಂತ, ಅಷ್ಟ."

ಯಾವ ಮಾಲಕರು ಎಂದು ಜಯಲತಾ ಕೇಳಿದಳು. ಹೋಟೆಲಿನ ದೊಡ್ಡ ಮಾಲಕರು ಎಂದಳು ಅನಸೂಯಾ. ಅವಳ ದನಿಯಲ್ಲಿ ಕೃತಜ್ಞತೆ ಇತ್ತು. ಕೊಂದವನ ಅಪ್ಪನೇ ಸಿಕ್ಕಿಬಿದ್ದವನಿಗೆ ವಕೀಲನನ್ನು ಕೊಟ್ಟಿದ್ದ. ಜಾಮೀನು ಸಿಗುತ್ತದೆ, ಆಮೇಲೆ ಮೊಕದ್ದಮೆ ನಡೆಯುತ್ತದೆ, ಬಾಯಿ ಮುಚ್ಚಿ ನಿಂತ ಭೀಮು ಬಾಯಿ ಮುಚ್ಚಿಕೊಂಡೇ ಶಿಕ್ಷೆಗೆ ಹೋಗುತ್ತಾನೆ.

*

ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಲಯದಲ್ಲಿ ಕೆಮಿಕಲ್ ಫ್ಯಾಕ್ಟರಿಗಳ ಸಾಲು ದಾಟಿದರೆ ಭೀಮು ಕೆಲಸ ಮಾಡುವ ಯಜ್ಞೇಶ್ವರರ ಗ್ಯಾರೇಜು. ಹೊರಗಿನ ಗಟಾರದಲ್ಲಿ ನೀರು ನೇರಳೆ ಬಣ್ಣದ್ದು. ಒಳಗೆ ನೆಲ ಮಾತ್ರ ಕನ್ನಡಿಯಂತಿತ್ತು. ಗಾಜಿನ ಕಪಾಟಿನಲ್ಲಿ ಟರ್ಬೊಗಳನ್ನು ಸಾಲಾಗಿ ಇಟ್ಟು ಕೆಳಗಿನಿಂದ ನೀಲಿ ದೀಪ ಬಿಟ್ಟಿದ್ದರು. ಬಂಗಾರದಂಗಡಿಯ ಠೀವಿ.

ಯಜ್ಞೇಶ್ವರರಿಗೆ ಅರುವತ್ತರ ಹತ್ತಿರ. ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಲೋಟ ತೊಳೆಯಲು ಬಂದವರು, ಈಗ ಠಾಣೆಯಿಂದ ಪನ್ವೇಲಿನವರೆಗೆ ವೇಗದ ಹುಚ್ಚಿರುವ ಹುಡುಗರಿಗೆಲ್ಲ ಗುರು. ಭಜನಾ ಮಂಡಳಿಯ ಅಧ್ಯಕ್ಷರು ಕೂಡ. ಹಣೆಯಲ್ಲಿ ಗಂಧ, ಮೇಜಿನ ಮೇಲೆ ಹಿತ್ತಾಳೆ ಬಟ್ಟಲಲ್ಲಿ ಗಂಧ, ಗೋಡೆಯ ದೇವರ ಪಟಗಳಿಗೂ ಗಂಧ.

ಜಯಲತಾಳನ್ನು ಕಂಡು ಎದ್ದು ನಿಂತರು. ಸರ್ವೇಗೆ ನಮ್ಮವರೇ ಬಂದದ್ದು ಒಳ್ಳೆಯದಾಯಿತು ಎಂದರು. ಕುರ್ಚಿ ಎಳೆದರು, ಚಹಾ ಹೇಳಿದರು, ಮಂಡಳಿಯ ವಾರ್ಷಿಕೋತ್ಸವಕ್ಕೆ ಬರಲಿಲ್ಲವೆಂದು ಆಕ್ಷೇಪಿಸಿದರು. ಆಮೇಲೆ ಭೀಮುವಿನ ಮಾತು ತೆಗೆದು ನಿಟ್ಟುಸಿರು ಬಿಟ್ಟರು. ಒಳ್ಳೆಯ ಹುಡುಗ, ಕೈ ಚುರುಕು, ಆದರೆ ಕಲಿತವನಲ್ಲ; ದೊಡ್ಡ ಟರ್ಬೊ ಹಾಕಿದರೆ ಸಾಹುಕಾರರಿಗೆ ಖುಷಿಯಾದೀತು ಎಂದುಕೊಂಡಿದ್ದಾನೆ. ಗೊತ್ತಿಲ್ಲದೆ ಮಾಡಿದ ಪಾಪಕ್ಕೆ ದೇವರೇ ದಾರಿ ತೋರಿಸಬೇಕು.

ಸತ್ತವಳ ಹೆಸರು ಅವರಿಗೆ ನೆನಪಿರಲಿಲ್ಲ. ಎರಡು ಸಲ ಬೇರೆ ಬೇರೆ ಹೆಸರು ಹೇಳಿದರು.

ಚಹಾ ಬಂತು. ಜಯಲತಾ ಲೋಟ ಮುಟ್ಟಲಿಲ್ಲ. ಚೀಲದಲ್ಲಿದ್ದ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಯೇ ಅವಳು ಒಳಗೆ ಬಂದಿದ್ದಳು. ನೇರ ಕೇಳಿದರೆ ಈ ಮನುಷ್ಯ ಕೈ ಮುಗಿದು ಕೂರುತ್ತಾನೆಂದು ಅವಳಿಗೆ ಗೊತ್ತಿತ್ತು. ಪಾಪದ ಮಾತಿಗೆ, ಸತ್ತವರ ಮಾತಿಗೆ ಅವರ ಚರ್ಮ ದಪ್ಪ. ತೆಳುವಾದ ಜಾಗ ಬೇರೆ ಕಡೆ ಇರಬೇಕು. ಅವಳು ನೀಲಿ ದೀಪದ ಕಪಾಟನ್ನು ನೋಡುತ್ತ, ವರದಿಯಲ್ಲಿ ಬರೆಯಬೇಕೆಂದಿರುವುದನ್ನು ಒಮ್ಮೆ ಓದಿ ಹೇಳುತ್ತೇನೆ ಎಂದಳು.

"ಬರೀರಿ, ಬರೀರಿ. ಇದ್ದದ್ದು ಬರೀಬೇಕಲ್ಲ."

"ಗಾಡಿಗೆ ಕೂರಿಸಿದ್ದು ಲಾರಿಗೆ ಆಗುವಂಥ ಟರ್ಬೊ. ಇದು ಒಬ್ಬ ಫಿಟ್ಟರಿನ ತಪ್ಪಲ್ಲ. ಈ ಗ್ಯಾರೇಜಿನಲ್ಲಿ ಎಂಜಿನ್ನಿಗೆ ತಕ್ಕ ಟರ್ಬೊ ಆರಿಸುವ ತಿಳುವಳಿಕೆ ಯಾರಿಗೂ ಇಲ್ಲ. ಮಾಲಕರಿಗೂ ಇಲ್ಲ."

ಯಜ್ಞೇಶ್ವರರ ಲೋಟ ತುಟಿಯ ಹತ್ತಿರ ನಿಂತಿತು.

ವರದಿ ಎಲ್ಲ ವಿಮಾ ಕಂಪನಿಗಳಿಗೂ ಹೋಗುತ್ತದೆ, ಹುಡುಗರ ಗುಂಪುಗಳಿಗೂ ಹೋಗದೆ ಇರುವುದಿಲ್ಲ ಎಂದು ಅವಳು ಮುಂದುವರಿಸಿದಳು. ನವಿ ಮುಂಬಯಿಯಲ್ಲಿ ಈಗ ಹೊಸ ಹುಡುಗರು ಗ್ಯಾರೇಜು ಹಾಕಿದ್ದಾರೆ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಟರ್ಬೊ ಆರಿಸುತ್ತಾರೆ. ಹಳೆಯ ಕಾಲದವರಿಗೆ ಅಂದಾಜಿನ ಮೇಲೆ ನಡೆಯುವ ಅಭ್ಯಾಸ, ಅದು ತಪ್ಪಲ್ಲ, ವಯಸ್ಸು ಎಂದಳು.

"ಯಾರಿಗೆ ಅಂದಾಜು?" ಎಂದರು ಯಜ್ಞೇಶ್ವರ. ದನಿ ಏರಲಿಲ್ಲ. ಲೋಟ ಮಾತ್ರ ಮೇಜಿನ ಮೇಲೆ ಕೂತ ಸದ್ದು ಕೇಳಿಸಿತು. "ಟರ್ಬೊ ಆರಿಸುದು ಅಂದ್ರೆ ಚಪ್ಪಲಿ ಆರಿಸಿದ ಹಾಗೆ ಅಲ್ಲ ಮಾರಾಯ್ತಿ, ದೊಡ್ಡದು ಸಿಕ್ಕಿತು ಅಂತ ಮೆಟ್ಟಲಿಕ್ಕೆ. ನಾನು ಮೊದಲು ಕೇಳುದು ಗಾಡಿ ಎಲ್ಲಿ ಓಡಿಸ್ತಿ ಅಂತ. ಘೋಡ್‌ಬಂದರ್ ರೋಡಿನ ಟ್ರಾಫಿಕ್ಕಿನಲ್ಲಿ ಐದು ಸಾವಿರ ಆರ್‌ಪಿಎಂ ಎಲ್ಲಿಂದ ಬರ್ತದೆ? ಎರಡು ಲೀಟರ್ ಎಂಜಿನು ಅದು. ಎರಡೂವರೆ ಸಾವಿರಕ್ಕೆ ಗಾಳಿ ತುಂಬಬೇಕು, ಆರು ಸಾವಿರದವರೆಗೆ ಉಸಿರು ಕಟ್ಟಬಾರದು. ಪಂಪು ಎಷ್ಟು ಪೆಟ್ರೋಲು ಕೊಡ್ತದೆ, ಗೇರ್‌ಬಾಕ್ಸು ಎಷ್ಟು ತಡೀತದೆ, ಎಲ್ಲ ನೋಡಿ ಕೂರಿಸುದು."

ಅವರ ಎಡಗೈ ಗಾಳಿಯಲ್ಲಿ ಚಕ್ರ ಬರೆಯುತ್ತಿತ್ತು. ಕಣ್ಣು ಬೆಳಗಿತ್ತು. ಸತ್ತವಳ ಹೆಸರು ನೆನಪಿಲ್ಲದ ಮನುಷ್ಯನಿಗೆ ಚಕ್ರದ ಅಂಚಿನ ಅಳತೆ ಕೂದಲೆಳೆಯಷ್ಟೂ ತಪ್ಪದೆ ನೆನಪಿತ್ತು.

ಜಯಲತಾ ರಂಜನ್ ಹಿಂದೆ ಹಾಕಿದ್ದ ವಿಡಿಯೊವೊಂದನ್ನು ಪ್ರಸ್ತಾಪಿಸಿದಳು. ಅವನೇ ಓಡಿಸುತ್ತ ಒಂದು ಕೈಯಲ್ಲಿ ಫೋನು ಹಿಡಿದು, ಸುನ್ ಭಾಯಿ ಸುನ್ ಎಂದು ಟರ್ಬೊದ ಸಿಳ್ಳೆ ಕೇಳಿಸುವ ವಿಡಿಯೊ. ಅಪಘಾತವಾದ ಮೇಲೆ ಅದನ್ನು ನೋಡಿದವರ ಸಂಖ್ಯೆ ದುಪ್ಪಟ್ಟಾಗಿತ್ತು. ಕೆಳಗೆ ಜನ ಹೂವು, ಬೆಂಕಿಯ ಚಿತ್ರ ಹಾಕಿದ್ದರು. ಅದರಲ್ಲೂ ಒದೆತ ಇದ್ದಂತೆ ಕಂಡಿತು ಎಂದು ಅವಳು ಬೇಕೆಂದೇ ಸುಳ್ಳು ಹೇಳಿದಳು.

"ಕಣ್ಣು ಉಂಟಾ ನಿಮಗೆ? ಮೀಟರಿನ ಮುಳ್ಳು ನೋಡಿ ಅದರಲ್ಲಿ. ಬೆಣ್ಣೆ ಏರಿದ ಹಾಗೆ ಏರ್ತದೆ. ಆ ರಂಜನ್ ದೊಡ್ಡದೇ ಬೇಕು ಅಂತ ಹಟ ಹಿಡಿದ. ನಾನು ಕೊಡ್ಲಿಲ್ಲ. ಅವನಪ್ಪನ ಎದುರೇ ಹೇಳಿದೆ, ಈ ಗಾಡಿಗೆ ಇದೇ ಸರಿ ಅಂತ. ಆ ಗಾಡಿ ಕಡೇ ದಿನದವರೆಗೆ ಒಂದು ಸಲ ಒದ್ದದ್ದಿಲ್ಲ."

"ಕಡೇ ದಿನದವರೆಗೆ."

"ಹೌದು, ಕಡೇ ದಿ..."

ಅವರು ನಿಲ್ಲಿಸಿದರು. ಹೊರಗೆ ಯಾರೋ ಗ್ರೈಂಡರ್ ಹಾಕಿದ್ದರು.

ಜಯಲತಾ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟಳು. ಪರದೆಯ ಮೇಲೆ ಬೂದು ಕಬ್ಬಿಣ, ಅದರ ಮೇಲೆ ಗಂಧದ ಬೊಟ್ಟು, ನಡುವೆ ಕುಂಕುಮ.

"ಅಂದರೆ ಅವಳನ್ನು ಹೊಡೆದಾಗ ಗಾಡಿಯಲ್ಲಿ ನೀವು ಆರಿಸಿದ ಟರ್ಬೊನೇ ಇತ್ತು ಯಜ್ಞಣ್ಣ. ಇದು ಆಮೇಲೆ ಬಂದದ್ದು. ಕಾದ ಕಬ್ಬಿಣದ ಮೇಲೆ ಗಂಧ ಉಳಿಯುವುದಿಲ್ಲ."

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಹೆದರಿಕೆ ಕಾಣಿಸುತ್ತದೆಂದು ಜಯಲತಾ ಕಾದಳು. ಅವರ ಮುಖದಲ್ಲಿ ಕಂಡದ್ದು ಬೇಸರ, ಕೆಲಸದಲ್ಲಿ ಆದ ಸಣ್ಣ ಅಜಾಗರೂಕತೆಗೆ ಬರುವಂಥದ್ದು.

ಹೊಸ ಸಾಮಾನು ಡಬ್ಬಿಯಿಂದ ತೆಗೆದ ಕೂಡಲೇ ಗಂಧದ ಪ್ರಸಾದ ಹಚ್ಚುವುದು ತನ್ನ ರೂಢಿ ಎಂದರು. ನಲುವತ್ತು ವರ್ಷದ ರೂಢಿ. ಅದು ಯಾವ ಗಾಡಿಗೆ, ಯಾಕೆ ಹೋಗುತ್ತದೆ ಎಂದು ಆಗ ಯೋಚನೆ ಬರುವುದಿಲ್ಲ, ಕೈ ತಾನಾಗಿ ಬಟ್ಟಲಿಗೆ ಹೋಗುತ್ತದೆ. ಹೀಗೆ ಹೇಳುವಾಗ ಅವರ ದನಿಯಲ್ಲಿ ಒಂದು ಬಗೆಯ ಸಂಕೋಚವಿತ್ತು, ಭಕ್ತಿ ಹೆಚ್ಚಾದುದಕ್ಕೆ ಕ್ಷಮೆ ಕೇಳುವಂಥ ಸಂಕೋಚ.

ಒಬ್ಬನನ್ನು ಜೈಲಿಗೆ ಹಾಕಲು ತಂದ ಕಬ್ಬಿಣಕ್ಕೂ ಈ ಮನುಷ್ಯ ದೇವರ ಪ್ರಸಾದ ಹಚ್ಚಿದ್ದ. ಜಯಲತಾಳಿಗೆ ಯಾರ್ಡಿನ ಆ ಮೂರನೆಯ ವಾಸನೆ ಇಲ್ಲಿಯೂ ಬಂದಂತಾಯಿತು.

"ನಿಮ್ಮ ಟರ್ಬೊ ಎಲ್ಲಿ?"

"ಒಳ್ಳೇ ಸಾಮಾನು, ಬಿಸಾಡ್ಲಿಕ್ಕೆ ಆಗ್ತದಾ? ಅದಕ್ಕೆ ಒಂದು ಗೀರು ಕೂಡ ಬೀಳ್ಲಿಲ್ಲ. ರಂಜನಿನ ಇನ್ನೊಂದು ಬಿಳಿ ಗಾಡಿ ಉಂಟಲ್ಲ, ಅದಕ್ಕೆ ಕೂರಿಸಿ ಆಯ್ತು. ಓಡ್ತಾ ಉಂಟು."

ಅವರು ಚಹಾದ ಕೆನೆಯನ್ನು ಬೆರಳಿಂದ ತೆಗೆದು ತಟ್ಟೆಗೆ ಒರೆಸಿದರು.

ಆಮೇಲೆ ಹೇಳಿದರು, ವಸಂತಕುಮಾರರು ಮನೆಗೆ ಬಂದು ಕಾಲು ಹಿಡಿದರು. ಒಬ್ಬನೇ ಮಗ. ಹೋದವಳಂತೂ ಹೋದಳು, ಇರುವ ಹುಡುಗನ ಬದುಕು ಯಾಕೆ ಹಾಳಾಗಬೇಕು. ಭೀಮು ಇನ್ನೂ ಸಣ್ಣವನು, ಒಂದೆರಡು ವರ್ಷದಲ್ಲಿ ಹೊರಗೆ ಬರುತ್ತಾನೆ, ಆಗ ತಾನೇ ಕೆಲಸ ಕೊಡುತ್ತೇನೆ. ಇದನ್ನೆಲ್ಲ ಅವರು ಮಂಡಳಿಯ ಸಭೆಯಲ್ಲಿ ಊಟದ ವ್ಯವಸ್ಥೆ ವಿವರಿಸುವ ದನಿಯಲ್ಲಿ ಹೇಳಿದರು.

ಈಗ ಹೇಳಿದ್ದನ್ನೆಲ್ಲ ನಾಳೆ ಕೋರ್ಟಿನಲ್ಲಿ ಕೇಳಿಸುತ್ತೇನೆ ಎಂದು ಜಯಲತಾ ಚೀಲದಿಂದ ಫೋನು ತೆಗೆದು ತೋರಿಸಿದಳು. ಯಜ್ಞೇಶ್ವರ ಫೋನನ್ನು ನೋಡಿದರು. ಕಸಿದುಕೊಳ್ಳಲು ಕೈ ಚಾಚಲಿಲ್ಲ. ಅವರ ತುಟಿಯ ಅಂಚಿನಲ್ಲಿ ನಗೆ ಮೂಡಿತು.

"ಓಡ್ತಾ ಉಂಟಾ ಅದು ಇನ್ನೂ? ಒಳ್ಳೆದಾಯ್ತು. ಇದೂ ಬರ್ಲಿ ಹಾಗಾದ್ರೆ. ನನ್ನ ಬಲಭುಜ ನೋಡಿ, ಎತ್ಲಿಕ್ಕೆ ಆಗುದಿಲ್ಲ. ಆಪರೇಷನ್ ಆಗಿ ಆರು ತಿಂಗಳಾಯ್ತು. ಆ ಯಾರ್ಡಿನಲ್ಲಿ ಸ್ಪ್ಯಾನರ್ ಹಿಡಿದದ್ದು ಯಾರು ಅಂತ ಗ್ರಹಿಸಿದ್ರಿ? ಹಳತು ಬಿಚ್ಚಿದ್ದು ಭೀಮು. ಹೊಸತು ಕಟ್ಟಿದ್ದು ಭೀಮು. ಪುರಾವೆ ಬದಲಿಸಿದವ ಅವನೇ. ಕೇಳ್ಸಿ ಕೋರ್ಟಿಗೆ. ಅಜಾಗರೂಕತೆ ಅಂತ ಇದ್ದದ್ದು ಬೇಕಂತ ಮಾಡಿದ್ದು ಅಂತ ಆಗ್ತದೆ. ಅವನ ಹೆಂಡತಿಗೆ ನೀವೇ ಹೇಳಿ."

ಅವರು ಎದ್ದು, ಬಟ್ಟಲಿನಿಂದ ಸ್ವಲ್ಪ ಗಂಧ ತೆಗೆದು, ಪ್ರಸಾದ ತೆಗೆದುಕೊಂಡು ಹೋಗಿ ಎಂದು ಅವಳ ಮುಂದೆ ಹಿಡಿದರು.

ಅವಳು ಕುರ್ಚಿ ಸರಿಸಿ ಹೊರಗೆ ಬಂದಳು. ಗಟಾರದ ಬಳಿ ನಿಂತು ಎರಡು ಸಲ ಉಗುಳಿದಳು. ನೇರಳೆ ನೀರು ಅದನ್ನು ತೆಗೆದುಕೊಂಡು ಹೋಯಿತು.

*

ಮರುದಿನ ಬೇಲಾಪುರ ಕೋರ್ಟಿನ ಮೊಗಸಾಲೆಯಲ್ಲಿ ಅನಸೂಯಾ ಗಂಡನ ಇಸ್ತ್ರಿ ಮಾಡಿದ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ನಿಂತಿದ್ದಳು. ಬಿಟ್ಟ ಕೂಡಲೇ ತೊಡಿಸಿ ಕರೆದುಕೊಂಡು ಹೋಗಬೇಕೆಂದು ತಂದದ್ದು. ಜಯಲತಾ ಅವಳಿಗೆ ಎಲ್ಲವನ್ನೂ ಹೇಳಿದಳು, ಏನನ್ನೂ ಮೆದು ಮಾಡದೆ. ರೆಕಾರ್ಡಿಂಗ್ ಕೊಟ್ಟರೆ ರಂಜನ್ ಸಿಕ್ಕಿಬೀಳುತ್ತಾನೆ, ಅದರಲ್ಲೇ ಭೀಮುವಿನ ಹೆಸರೂ ಇದೆ. ಒಂದನ್ನು ಉಳಿಸಿ ಇನ್ನೊಂದನ್ನು ಕತ್ತರಿಸಿದರೆ ಅದು ಪುರಾವೆಯಾಗುವುದಿಲ್ಲ. ಕೊಡದಿದ್ದರೆ ಇವತ್ತು ಜಾಮೀನು, ಮುಂದೆ ಮಾಡದ ಕೊಲೆಗೆ ಶಿಕ್ಷೆ.

ಅನಸೂಯಾ ಇವತ್ತು ಎಂಬುದನ್ನು ಮಾತ್ರ ಕೇಳಿಸಿಕೊಂಡಳು.

"ಇವತ್ತ ಮನಿಗಿ ಬರ್ಲಿ ಅಕ್ಕಾರ. ಮುಂದಿಂದು ಮುಂದ. ನೀವು ಏನೂ ಕೊಡಬ್ಯಾಡ್ರಿ, ನಿಮ್ಮ ಕಾಲಿಗಿ ಬೀಳ್ತೀನಿ."

ಹೊರಗೆ ಸಿಳ್ಳೆಯಂಥ ಸದ್ದು ಕೇಳಿಸಿತು. ತೆಳುವಾದ, ಏರುತ್ತ ಹೋಗುವ ಸಿಳ್ಳೆ. ಬಿಳಿ ಗಾಡಿಯೊಂದು ಗೇಟಿನ ಹತ್ತಿರ ವಕೀಲನನ್ನು ಇಳಿಸುತ್ತಿತ್ತು. ಓಡಿಸುತ್ತಿದ್ದ ಹುಡುಗ ಕಿಟಕಿಯಿಂದ ಕೈ ಬೀಸಿ ಹೋದ. ರಂಜನಿನ ವಿಡಿಯೊದಲ್ಲಿದ್ದ ಸಿಳ್ಳೆ ಇದೇ.

ಪೊಲೀಸರು ಭೀಮುವನ್ನು ಮೆಟ್ಟಿಲ ಪಕ್ಕದ ಬೆಂಚಿನಲ್ಲಿ ಕೂರಿಸಿದ್ದರು. ಇಪ್ಪತ್ತಾರರ ಹುಡುಗ, ವಿಜಯಪುರದ ಕಡೆಯವನು, ಉಗುರಿನ ಸಂದಿನಲ್ಲಿ ಇನ್ನೂ ಗ್ರೀಸಿನ ಕಪ್ಪು. ಚಹಾ ಕುಡಿಯುತ್ತಿದ್ದ ಹವಾಲ್ದಾರ ಅವಳನ್ನು ತಡೆಯಲಿಲ್ಲ. ಟರ್ಬೊ ಬದಲಿಸಿದ್ದು ನೀನೇನಾ ಎಂದು ಅವಳು ಕೇಳಿದಳು.

"ಹೌದ್ರಿ." ಅವನು ಸುಳ್ಳಿಗೆ ಹುಡುಕಾಡಲಿಲ್ಲ. "ಗಾಡಿ ಡಿವೈಡರಿಗಿ ಬಡದೈತಿ, ಇನ್ಸೂರೆನ್ಸಿಗೆ ಬೇರೆ ಟರ್ಬೊ ತೋರಸ್ಬೇಕು ಅಂದ್ರರಿ ಮಾಲಕರು. ಜಾಳಗಿಯೊಳಗ ಕೇಸರಿ ಅರಿವಿ ಕಾಣ್ತ್ರಿ. ಏನ್ರಿ ಇದು ಅಂದೆ. ಬ್ಯಾನರ್ ಅಂದ್ರು. ನಾನೂ ಬ್ಯಾನರ್ ಅನಕೊಂಡೆ."

ಆಮೇಲೆ ಅವನೇ ಕೇಳಿದ, ಆ ಹೆಣ್ಣುಮಗಳು ಯಾವೂರಾಕಿ ಎಂದು. ಲಾಕಪ್ಪಿನಲ್ಲಿ ಯಾರೂ ಹೇಳಿರಲಿಲ್ಲ. ಕಲಬುರಗಿ, ಚಂದ್ರಬಾಯಿ ಎಂದಳು ಜಯಲತಾ. ಬ್ಯಾನರಿಗೆ ಕೂದಲು ಹೇಗೆ ಬಂತು ಎಂದು ನೀನು ಕೇಳಲಿಲ್ಲವೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕೇಳಲಿಲ್ಲ.

ಕೇಳುವ ಅಗತ್ಯವೂ ಇರಲಿಲ್ಲ. ಅವನು ಬಲಗೈಯ ಬೆರಳುಗಳನ್ನು ಅಂಗಿಯ ತುದಿಗೆ ಒರೆಸಿಕೊಳ್ಳುತ್ತಿದ್ದ, ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

ಹೆಸರು ಕೂಗಿದರು.

ಒಳಗೆ ಎಲ್ಲವೂ ಬೇಗ ನಡೆಯಿತು. ವಸಂತಕುಮಾರರ ವಕೀಲ, ತನ್ನ ಕಕ್ಷಿಗಾರ ಬಡವ, ತಿಳಿಯದೆ ಮಾಡಿದ ತಪ್ಪು, ತನಿಖೆಗೆ ಸಹಕರಿಸುತ್ತಾನೆ ಎಂದು ಮೆಲ್ಲಗೆ ಹೇಳಿದ. ವಲಸೆ ಬಂದವನು, ಓಡಿಹೋಗುತ್ತಾನೆ ಎಂದು ಕಳೆದ ಸಲ ವಾದಿಸಿದ್ದ ಪೊಲೀಸರು ಇವತ್ತು ತಮ್ಮ ಆಕ್ಷೇಪವಿಲ್ಲ ಎಂದರು. ಹಿಂದಿನ ಸಾಲಿನಲ್ಲಿ ಜಯಲತಾ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅದು ಬೆಚ್ಚಗಿತ್ತು. ಎದ್ದು ನಿಲ್ಲಬೇಕೆಂದು ಎರಡು ಸಲ ಅನಿಸಿತು. ಎರಡು ಸಲವೂ ಪಕ್ಕದಲ್ಲಿದ್ದ ಅನಸೂಯಾ ಅವಳ ಸೆರಗು ಹಿಡಿದಿದ್ದಳು.

ಮ್ಯಾಜಿಸ್ಟ್ರೇಟರು ಆದೇಶ ಬರೆಯುವ ಮುನ್ನ, ತಲೆಯೆತ್ತದೆ, ಎಲ್ಲ ಆರೋಪಿಗಳಿಗೂ ಕೇಳುವ ಪ್ರಶ್ನೆಯನ್ನು ಮರಾಠಿಯಲ್ಲಿ ಕೇಳಿದರು. ಪೊಲೀಸರ ಮೇಲೆ ಏನಾದರೂ ದೂರು ಇದೆಯೇ? ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ. ಇಲ್ಲ ಎಂದು ಗುಮಾಸ್ತ ಆಗಲೇ ಬರೆದುಕೊಳ್ಳತೊಡಗಿದ್ದ.

ಭೀಮು ಕಟಕಟೆಯಿಂದ ತಿರುಗಿ ಹೆಂಡತಿಯನ್ನು ನೋಡಿದ. ಅನಸೂಯಾ ಅಂಗಿಯ ಚೀಲವನ್ನು ಎದೆಗೆ ಒತ್ತಿಕೊಂಡು, ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದಳು. ಬೇಡ. ಬೇಡ.

"ಆಹೇ, ಸಾಹೇಬ," ಎಂದ ಭೀಮು. "ಪೊಲೀಸಾಂಚಿ ನಾಹಿ. ಮಾಝಿ."

ಇದೆ; ಪೊಲೀಸರ ಮೇಲಲ್ಲ, ನನ್ನ ಮೇಲೆ. ವಕೀಲ ಎರಡೇ ಹೆಜ್ಜೆಯಲ್ಲಿ ಕಟಕಟೆ ತಲುಪಿ ಅವನ ತೋಳು ಹಿಡಿದ. ಮ್ಯಾಜಿಸ್ಟ್ರೇಟರು ಮೊದಲ ಸಲ ತಲೆಯೆತ್ತಿ, ಆ ಕೈಯನ್ನು ತೆಗೆಯುವಂತೆ ವಕೀಲನಿಗೆ ಹೇಳಿದರು.